ಪಶ್ಚಿಮಕ್ಕೆ ಮುಖ ಮಾಡಿದ ಮನೆ

11 ಜನವರಿ 1999, ಹುಮನಾಬಾದ್
ಬೆಳಿಗ್ಗೆ ಎರಡು ಪಾಸ್‌ಪೋರ್ಟ್ ಸೈಜ್, ಒಂದು ಕೂಸಿನ ಜಾವಳದ ಫೋಟೋ. ಕೂಸು ಅತ್ತು ಅತ್ತು ಕೊನೆಗೆ ಅಪ್ಪನ ಟೋಪಿ ನೋಡಿ ನಕ್ಕಿತು. ರೋಲಿನಲ್ಲಿ ಮೂರು ಫ್ರೇಮ್ ಉಳಿದವು. ರೋಲ್ ಮುಗಿಯದೆ ಗುಲ್ಬರ್ಗಾದ ಲ್ಯಾಬಿಗೆ ಕಳಿಸುವಂತಿಲ್ಲ. ಎಂದಿನಂತೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಜಾರಿಗೆ ಇಳಿದೆ.

ಒಂದು ಫ್ರೇಮ್ ಎಣ್ಣೆ ಅಂಗಡಿಯ ಕಟ್ಟಿಗೆ ಮಾಳಿಗೆಗೆ. ಒಂದು ಅದರ ಮಗ್ಗುಲ ಹೊಸ ಲಾಡ್ಜಿಗೆ — ಗುಲಾಬಿ ಬಣ್ಣ, ನೀಲಿ ಗಾಜು, ಮದುವೆಗೆ ಹೊರಟ ಹಾಗಿದೆ. ಮೂರನೆಯದರಲ್ಲಿ ಎರಡನ್ನೂ ಒಟ್ಟಿಗೆ ನಿಲ್ಲಿಸಿದೆ, ಅಜ್ಜಿ-ಮೊಮ್ಮಗಳ ಹಾಗೆ.

ಅಪ್ಪನಿಗೆ ಮೊಣಕಾಲು ಹಿಡಿದಂದಿನಿಂದ ಸ್ಟುಡಿಯೋದ ಹೊರಗಿನ ಕೆಲಸವೆಲ್ಲ ನನ್ನದೇ. ಆದರೂ ಬೈಗುಳ ತಪ್ಪಿಲ್ಲ.

"ಏ ರೂಪಾ, ನಮ್ಮ ಸ್ಟುಡಿಯೋಕ್ಕ ಮಂದಿ ಬರ್ತಾರ, ಗ್ವಾಡಿ ಬರಂಗಿಲ್ಲ. ಗ್ವಾಡಿ ಫೋಟೋ ಯಾರು ಒಯ್ತಾರ?"

ಯಾರೂ ಒಯ್ಯುವುದಿಲ್ಲ. ನನ್ನ ಗೋಡೆ ಫೋಟೋಗಳ ಡಬ್ಬಿ ತುಂಬುತ್ತಿದೆ.

2 ಫೆಬ್ರವರಿ
ಬಸವಕಲ್ಯಾಣದಲ್ಲಿ ಮದುವೆ. ಅಕ್ಷತೆ ಮುಗಿದ ಮೇಲೆ ನಾಲ್ಕು ಫ್ರೇಮ್ ಉಳಿದಿತ್ತು. ಊಟಕ್ಕೆ ಮೊದಲು ಓಣಿ ಸುತ್ತಿದೆ.

ಒಂದು ಮನೆ… ಏನು ಹೇಳಲಿ. ಕಮಾನಿನ ಬಾಗಿಲು, ಗಚ್ಚಿನಲ್ಲಿ ಕೊರೆದ ಬಳ್ಳಿ, ಮೇಲೆ ತೂತು ತೂತಿನ ಜಾಲಿ ಕೆತ್ತಿದ ಕಟ್ಟಿಗೆ ಬಾಲ್ಕನಿ. ಕ್ಯಾಮೆರಾ ಎತ್ತಿದೆ. ಒಳಗಿಂದ ಅಳತೆ ಟೇಪು ಹಿಡಿದ ಒಬ್ಬ ಬಂದ.

"ಮುನ್ಸಿಪಾಲ್ಟಿಯವರೇನ್ರೀ?"

"ಅಲ್ರೀ. ಚೆಂದ ಅದ, ಫೋಟೋ ಹೊಡಿಯಾಕತ್ತೇನಿ."

"ಚೆಂದ ಅದ ಖರೆ. ಮುಂದಿನ ವಾರ ಶುಕ್ರವಾರ ಕೆಡವತೇವ್ರಿ."

ಅಷ್ಟು ಆರಾಮಾಗಿ ಹೇಳಿದ! ಹೆಸರು ಅನೀಲಕುಮಾರ, ಮುಡಬಿಯವನು, ಡಿಪ್ಲೊಮಾ ಸಿವಿಲ್. ಮನೆಯ ಮಾಲೀಕ ಅಜೀಮುದ್ದೀನ್ ಸಾಹೇಬರು ಇದೇ ಜಾಗದಲ್ಲಿ ಸ್ಲ್ಯಾಬಿನ ಮನೆ ಕಟ್ಟಿಸುತ್ತಾರಂತೆ. ಕೆಲಸ ಇವನ ಕೈಯಲ್ಲಿ. ಸಿಟ್ಟು ಬಂತು. ನಾಲ್ಕೂ ಫ್ರೇಮ್ ಅದಕ್ಕೇ ಹೊಡೆದೆ.

10 ಫೆಬ್ರವರಿ
ಪ್ರಿಂಟ್ ಬಂದವು. ನಾಲ್ಕೂ ಕರ್ರಗೆ. ದಡ್ಡಿ ನಾನು! ಮನೆ ಪಶ್ಚಿಮಕ್ಕೆ ಮುಖ ಮಾಡಿದೆ, ಬೆಳಿಗ್ಗೆಯ ಸೂರ್ಯ ಅದರ ಬೆನ್ನ ಹಿಂದೆ. ಬಳ್ಳಿಯೂ ಇಲ್ಲ, ಜಾಲಿಯೂ ಇಲ್ಲ. ಆಕಾಶ ಮಾತ್ರ ಬೆಳ್ಳಗೆ.

ನಾಡಿದ್ದು ಶುಕ್ರವಾರ.

12 ಫೆಬ್ರವರಿ, ಸಂಜೆ
ಕೂದಲಲ್ಲಿ ಇನ್ನೂ ಗಚ್ಚಿನ ಧೂಳಿದೆ. ತೊಳೆಯುವ ಮೊದಲು ಬರೆಯುತ್ತೇನೆ.

ಮೊದಲ ಬಸ್ಸಿಗೇ ಹೋದೆ. ಆಳುಗಳು ಆಗಲೇ ಬಾಲ್ಕನಿಯ ಕೆಳಗೆ ಹಾರೆ ಹಿಡಿದು ನಿಂತಿದ್ದರು. ಓಡಿದೆ.

"ಜರಾ ನಿಲ್ಲಸ್ರೀ! ಮಧ್ಯಾಹ್ನದ ತನಕ. ಈಗ ಬೆಳಕಿಲ್ಲ."

ಅನೀಲಕುಮಾರ ಸೂರ್ಯನನ್ನು ನೋಡಿದ, ಮನೆಯನ್ನು ನೋಡಿದ, ನನ್ನನ್ನು ನೋಡಿದ. ಬೈಯುತ್ತಾನೆ ಎಂದುಕೊಂಡೆ. ಆಳುಗಳ ಕಡೆ ತಿರುಗಿ, "ಹಿಂದಿನ ಗ್ವಾಡಿಯಿಂದ ಶುರು ಮಾಡ್ರಪಾ," ಎಂದ.

ಸಾಮಾನು ಸಾಗಿಸಿದ್ದ ಎದುರಿನ ಬಾಡಿಗೆ ಮನೆಯಿಂದ ಅಜೀಮುದ್ದೀನ್ ಸಾಹೇಬರು ಹೊರಬಂದರು. "ಯಾಕಪಾ, ಮುಂದಿಂದು ಮೊದಲ ಅಂದಿದ್ದಿ?"

"ಚಾಚಾ, ಮುಂದಿಂದು ಬಿದ್ರ ಹಾದಿ ಬಂದ್ ಆಗ್ತದ. ಇವತ್ತು ಜುಮ್ಮಾ. ನೀವು ಮಸೀದಿಗಿ ಹ್ಯಾಂಗ ಹೋಗ್ತೀರಿ?"

ಅವರು ತಲೆಯಾಡಿಸಿದರು. ಅವನು ನನ್ನ ಕಡೆ ನೋಡಲೇ ಇಲ್ಲ, ನಗು ತಡೆಯುತ್ತಿದ್ದನೆಂದು ಕಾಣುತ್ತದೆ.

ಕಾಯುವಾಗ ಸಾಹೇಬರ ಹೆಂಡತಿ ತಾಹೇರಾಬಿ ಚಹಾ ಕೊಟ್ಟರು. ಅಯ್ಯೋ ಇಂಥ ಮನೆ ಹೋಗುತ್ತಲ್ಲ ಎಂದು ನಾನು ಹಳಹಳಿಸಿದರೆ ಅವರು ಗಲಗಲ ನಕ್ಕರು.

"ಬೇಟಿ, ನೀ ಹೊರಗ ನಿಂತು ಚೆಂದ ಅಂತಿ. ನಾ ಲಗ್ನಾಗಿ ಬಂದಾಗಿಂದ ಬೀದಿನ್ನ ಆ ಜಾಲಿ ತೂತಿನಾಗ ನೋಡೇನಿ. ಒಂಟೆ ಬಂದ್ರೂ ತುಂಡು ತುಂಡು ಕಾಣ್ತದ! ಮಳಿಗಾಲದಾಗ ಸೋರದ ಮೂಲಿ ಒಂದಿಲ್ಲ. ನನಗ ಒಂದು ದೊಡ್ಡ ಖಿಡಕಿ ಬೇಕು. ಬೀದಿ ಕಡಿ."

ಚಹಾ ಕುಡಿದೆ.

ಮಧ್ಯಾಹ್ನದ ಮೇಲೆ ಬಿಸಿಲು ಗೋಡೆಯ ಮೇಲಿಂದ ಓರೆಯಾಗಿ ಇಳಿಯಿತು. ಮೊದಲು ಬಾಲ್ಕನಿ, ಆಮೇಲೆ ಬಳ್ಳಿ, ಒಂದೊಂದೇ ಎಲೆ ಎದ್ದು ಬಂದ ಹಾಗೆ. ಇಡೀ ರೋಲ್ ಹೊಡೆದೆ, ಪೂರ್ತಿ ರೋಲ್, ಒಂದೇ ಮನೆಗೆ! ಆಳುಗಳೂ ಬಂದು ನಿಂತು ನೋಡಿದರು. "ಇಷ್ಟು ಚೆಂದ ಇತ್ತೇನಲೇ ಇದು?" ಎಂದ ಒಬ್ಬ.

ಆಮೇಲೆ ಕೆಡವಿದರು. ನಿಂತು ನೋಡಿದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಧೂಳಿಗೆ ಸೀನು ಬಂತು.

20 ಫೆಬ್ರವರಿ
ಪ್ರಿಂಟ್! ಅಪ್ಪ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದ. "ಇದು ಫೋಟೋ," ಎಂದ. ಅಪ್ಪನ ಬಾಯಿಂದ ಈ ಮಾತು ಬಂದದ್ದು ಇದೇ ಮೊದಲು.

19 ಏಪ್ರಿಲ್
ಅನೀಲಕುಮಾರ ಪಾಸ್‌ಪೋರ್ಟ್ ಫೋಟೋ ತೆಗೆಸಲು ಸ್ಟುಡಿಯೋಗೆ ಬಂದ. ಕಳೆದ ತಿಂಗಳೂ ಬಂದಿದ್ದ. ಅದಕ್ಕೂ ಹಿಂದೆ ಒಮ್ಮೆ. ಬಸವಕಲ್ಯಾಣದಲ್ಲಿ ಸ್ಟುಡಿಯೋ ಇಲ್ಲವೇ?

ಅಪ್ಪ: "ಈ ಹುಡುಗ ಎಷ್ಟು ನೌಕರಿಗಿ ಅರ್ಜಿ ಹಾಕಾಕತ್ತಾನ?"

ಬಗ್ಗಿ ಫ್ಲ್ಯಾಶ್ ಸರಿಮಾಡುವ ನೆವದಲ್ಲಿ ಮುಖ ಮುಚ್ಚಿಕೊಂಡೆ.

6 ಜೂನ್
ಮೋಡ. ನೆರಳಿಲ್ಲದ ಮೆತ್ತನೆಯ ಬೆಳಕು. ಬಸ್‌ಸ್ಟ್ಯಾಂಡ್ ರಸ್ತೆಯ ಹೊಸ ಕಟ್ಟಡಗಳನ್ನು ಅನೀಲ್ ತೋರಿಸಿದ. ನನಗೆ ಅವೆಲ್ಲ ಬೆಂಕಿಪೆಟ್ಟಿಗೆ. ಅಂದೇಬಿಟ್ಟೆ.

"ಬಾಗಿಲ ಮ್ಯಾಲಿನ ಆ ಛಜ್ಜಾ ನೋಡ್ರಿ. ಕೆಳಗ ಕಂಬ ಅದ ಏನು? ಮೂರು ಫೂಟ್ ಗಾಳಿಯಾಗ ನಿಂತದ. ಮಳಿ ಬಂದ್ರ ಕೆಳಗ ಹತ್ತು ಮಂದಿ ನಿಂದ್ರತಾರ. ಅದು ಚೆಂದಲ್ಲೇನು?"

"ಅದು ಉಪಯೋಗ ಆತು. ಚೆಂದ ಬ್ಯಾರೆ."

ಜೋರಾಗಿ ಜಗಳವಾಡುತ್ತಿದ್ದಾಗಲೇ ಮಳೆ ಬಂತು. ಓಡಿ ಅದೇ ಛಜ್ಜಾದ ಕೆಳಗೆ ನಿಂತೆವು. ಜೊತೆಗೆ ಒಬ್ಬ ಸೈಕಲ್ಲಿನವನು, ಎರಡು ಆಡು. ಅನೀಲ್ ‘ನೋಡಿದ್ರೇನು’ ಅನ್ನಲೂ ಇಲ್ಲ. ಅಂದಿದ್ದರೆ ಸಿಟ್ಟು ಮಾಡಬಹುದಿತ್ತು.

14 ನವೆಂಬರ್
ತಾಹೇರಾಬಿ ಹೇಳಿಕಳಿಸಿದ್ದರು: ಮನೆ ಮುಗಿದಿದೆ, ಫೋಟೋಕ್ಕೆ ರೂಪಾಲಿಯೇ, ಎಂದರೆ ನಾನೇ, ಬರಬೇಕು.

ಹಸಿರು ಚೌಕಟ್ಟಿನ ದೊಡ್ಡ ಕಿಟಕಿ, ಬೀದಿಯ ಕಡೆ. ಮಧ್ಯಾಹ್ನದ ಮೇಲೆಯೇ ಹೋದೆ. ಕ್ಯಾಮೆರಾ ಎತ್ತುವಷ್ಟರಲ್ಲಿ ತಾಹೇರಾಬಿ ಕಿಟಕಿಗೆ ಬಂದು ನಿಂತರು. ಹೊಸ ಬಳೆ, ತಲೆ ತುಂಬ ಸೆರಗು.

ಸಾಹೇಬರು ಗಡ್ಡ ಸವರಿದರು. "ಬರೇ ಮನಿದು ಸಾಕಿತ್ತಲ್ಲ…"

"ನನ್ನ ಖಿಡಕಿ, ನಾ ನಿಂದ್ರತೇನಿ. ನಿಮ್ಮ ದರವಾಜಾದಾಗ ನೀವ್ ನಿಂದ್ರಿ!"

ಸಾಹೇಬರು ಹೋಗಿ ಬಾಗಿಲಲ್ಲಿ ನಿಂತರು. ನಾನು ನಗು ತಡೆಯಲಾಗದೆ ನಗುತ್ತಲೇ ಹೊಡೆದೆ. ಇಷ್ಟು ಬೆಳಕಿನ ಫೋಟೋ ಈವರೆಗೆ ತೆಗೆದಿಲ್ಲ.

ವಾಪಸು ಹೊರಟಾಗ ಬಸ್‌ಸ್ಟ್ಯಾಂಡಿನ ತನಕ ಅನೀಲ್ ಜೊತೆಗೆ ಬಂದ. ಲಗ್ನದ ಮಾತು ತೆಗೆದ, ನೇರವಾಗಿ. ನಾನು ಹ್ಞೂಂ ಅನ್ನುವ ಮೊದಲೇ ತಡೆದ.

"ಮುಡಬಿಯಾಗ ನಮ್ಮ ಓಣಿ ಊರ ಹೊರಗದ. ಅದನ್ನ ಮೊದಲ ಮನ್ಯಾಗ ಹೇಳ್ರಿ. ಆಮ್ಯಾಲ ನನಗ ಹೇಳ್ರಿ."

"ನನ್ನ ಮಾತು ಈಗೇ ಹೇಳ್ತೇನಿ. ಹ್ಞೂಂ."

ಬಸ್ಸು ಬಂತು. ಟಿಕೆಟ್ ತೆಗೆದುಕೊಳ್ಳುವುದು ಮರೆತು ಕಂಡಕ್ಟರ್ ಹತ್ತಿರ ಬೈಸಿಕೊಂಡೆ.

15 ನವೆಂಬರ್
ಹೇಳಿದೆ. ಅವ್ವ ಲಟ್ಟಣಿಗೆ ಕೆಳಗಿಟ್ಟಳು.

"ನಿನ್ನ ಬೆನ್ನಿಗೆ ಸತೀಶ ಹಾನ. ತಮ್ಮಗ ನಾಳೆ ಯಾರು ಹೆಣ್ಣು ಕೊಡ್ತಾರ? ಒಬ್ಬಾಕಿನೇ ಹುಟ್ಟೀಯೇನು ಈ ಮನ್ಯಾಗ?"

ಅಪ್ಪ ಕೋಲು ಹಿಡಿದು ಎದ್ದ. ಸ್ಟುಡಿಯೋಕ್ಕೆ ಹೋಗಿ ದೀಪ ಹಾಕದೆ ಕುಳಿತ.

18 ನವೆಂಬರ್
ಅವ್ವ ತಟ್ಟೆಗೆ ಬಡಿಸಿ ಮುಖ ತಿರುಗಿಸುತ್ತಾಳೆ. ಬೀದರಿನಲ್ಲಿ ಓದುತ್ತಿರುವ ಸತೀಶನಿಗೆ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ಎಲ್ಲ ಕೇಳಿ, "ಅಕ್ಕಾ, ನನ್ನ ಹೆಸರು ನಡುವ ತರಬ್ಯಾಡ್ರಿ ಅಂತ ಅವ್ವಗ ಹೇಳು. ನಾ ಆರಾಮ ಅದೇನಿ," ಎಂದ. ಹೇಳಿದೆ. ಅವ್ವ ರೊಟ್ಟಿ ತಟ್ಟುತ್ತಲೇ ಇದ್ದಳು, ತುಸು ಜೋರಾಗಿ.

23 ನವೆಂಬರ್
ಅಪ್ಪ ಬೆಳಿಗ್ಗೆ ಕೋಲು ಹಿಡಿದು ಹೋದವನು ಸಂಜೆಗೆ ಬಂದ. ಮೊಣಕಾಲು ಬಾತಿದೆ. ಬಸವಕಲ್ಯಾಣಕ್ಕೆ ಹೋಗಿದ್ದನಂತೆ! ಅಜೀಮುದ್ದೀನ್ ಸಾಹೇಬರ ಮನೆಯ ಗೋಡೆ ತಟ್ಟಿ ನೋಡಿ, ಮಾಳಿಗೆ ಹತ್ತಿ, ಅಲ್ಲೇ ಊಟ ಮಾಡಿ, ಅನೀಲನನ್ನು ಕರೆಸಿ ಮಾತಾಡಿದ್ದಾನೆ.

ಅವ್ವ ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದಳು. ಅಪ್ಪ ಅವಳಿಗೇ ಹೇಳಿದ, ನನಗಲ್ಲ:

"ಪಾರ್ವತಿ, ಹುಡುಗನ ಕೆಲಸ ನೋಡೇನಿ. ಪಕ್ಕಾ ಅದ. ಆ ಮನ್ಯಾಕಿ ಅವನ್ನ ಮಗಾ ಅಂತ ಕರೀತಾಳ. ನಿನ್ನ ಕುಲ ಯಾವುದಪಾ ಅಂತ ಕೇಳಬೇಕಂತ ಹೋಗಿದ್ದೆ. ಕಲ್ಯಾಣದಾಗ ನಿಂತು ಅದನ್ನ ಕೇಳಾಕ ನಾಲಿಗಿ ಏಳಲಿಲ್ಲ. ದಿನಾ ಇಷ್ಟಲಿಂಗ ಪೂಜಿ ಮಾಡ್ತೇವಿ… ಏನಂತ ಮಾಡ್ತೇವಿ?"

ಅವ್ವ ಎಣ್ಣೆಯ ಬಟ್ಟಲು ಮುಚ್ಚಿದಳು.

29 ನವೆಂಬರ್
ಇವತ್ತು ನಾನು ಸೊಪ್ಪು ಸೋಸುತ್ತಿದ್ದೆ. ಅವ್ವ ಒಲೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಅವರ ಅವ್ವಗ ಹೂರಣದ ಹೋಳಿಗಿ ಸೇರ್ತಾವೇನು?"

ಸೊಪ್ಪೆಲ್ಲ ನೆಲಕ್ಕೆ ಬಿತ್ತು. ಹಿಂದಿನಿಂದ ತಬ್ಬಿಕೊಂಡೆ. "ಸರಿ ಅತ್ತಾಗ, ಕೈ ಸುಡ್ತದ," ಎಂದಳು. ಆದರೆ ಅವಳೇ ಸರಿಯಲಿಲ್ಲ.

5 ಡಿಸೆಂಬರ್, ಭಾನುವಾರ
ಬಂದಿದ್ದಾರೆ. ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಚಹಾ ಇನ್ನೂ ಕುದಿಯಬೇಕು.

ಅನೀಲನ ತಂದೆ ಏಕನಾಥ, ತಾಯಿ ಸರುಬಾಯಿ, ತಂಗಿ ಸೋನಾಲಿ. ಸರುಬಾಯಿ ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೇ ನಿಂತುಬಿಟ್ಟರು, ಗೋಡೆಗೆ ಒತ್ತಿಕೊಂಡು. ಯಾರೂ ಅಲುಗಲಿಲ್ಲ.

ಅವ್ವ ಎದ್ದು ಹೋದಳು. ಅವರ ಕೈ ಹಿಡಿದಳು.

"ಒಳಗ ಬರ್ರಿ. ಬೀಗರು ಹೊರಗ ನಿಂತ್ರ ನನಗ ಮಂದಿ ಏನಂದಾರು?"

ಒಳಗೆ ಕರೆತಂದು ತನ್ನದೇ ಚಾಪೆಯ ಮೇಲೆ ಮಗ್ಗುಲಿಗೆ ಕೂರಿಸಿಕೊಂಡಳು. ಈಗ ಇಬ್ಬರೂ ಹೋಳಿಗೆಗೆ ಬೆಲ್ಲ ಎಷ್ಟು ಎಂದು ವಾದ ಮಾಡುತ್ತಿದ್ದಾರೆ. ಸರುಬಾಯಿ ಸೋಲುವ ಹಾಗೆ ಕಾಣುವುದಿಲ್ಲ. ಅನೀಲ್ ಕತ್ತೆತ್ತಿ ನಮ್ಮ ಮನೆಯ ಛಾವಣಿ ಪರೀಕ್ಷಿಸುತ್ತಿದ್ದಾನೆ — ಸುಮ್ಮನೆ, ನಾಚಿಕೆಗೆ.

ಅಪ್ಪ ಅಂಗಳದಿಂದ ಕೂಗುತ್ತಿದ್ದಾನೆ, ಬಿಸಿಲು ಹೋಗುತ್ತದಂತೆ, ಎಲ್ಲರೂ ಬಾಗಿಲ ಮುಂದೆ ನಿಲ್ಲಬೇಕಂತೆ. ಕ್ಯಾಮೆರಾ ತಾನೇ ಹಿಡಿದಿದ್ದಾನೆ. ನಾನು ಎಲ್ಲಿ ನಿಲ್ಲಲಿ? ಯಾವತ್ತೂ ಕ್ಯಾಮೆರಾದ ಆ ಕಡೆ ನಿಂತವಳಲ್ಲ. ಕೈ ಎಲ್ಲಿಡಬೇಕೋ ಗೊತ್ತಿ—

ಬಂದೆ ಅವ್ವಾ, ಚಹಾ ಉಕ್ಕಾಕತ್ತದ…