ನಿನ್ನ ತಲೆಯ ಮೇಲಿಟ್ಟ ಆಣೆ

ಬಾಗೂರು
ಮಂಗಳವಾರ, ೩-೨-೨೦೨೬

ನನ್ನ ಮೊಮ್ಮಗಳು ಸ್ವಾತಿಗೆ ಅಜ್ಜಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೆ ಬರೆದಿದ್ದೇನೆ. ನಿನ್ನಪ್ಪ ಅಮ್ಮ ಕ್ಷೇಮವೇ. ನನಗೊಬ್ಬಳಿಗೆ ಇಲ್ಲ, ಅದಕ್ಕೆ ಕಾರಣ ನೀನು. ಫೋನಿನಲ್ಲಿ ಹೇಳೋಣವೆಂದರೆ ಈ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾರೆ, ಬೀದಿಯಲ್ಲಿ ಹೋಗುವವರೂ ನಿಂತು ಉತ್ತರ ಕೊಡುತ್ತಾರೆ. ಅದಕ್ಕೇ ಕಾಗದ. ನನ್ನ ನಾಲ್ಕನೇ ಕ್ಲಾಸಿನ ಅಕ್ಷರ ಓದಲು ಕಷ್ಟವಾದರೆ ಆಗಲಿ, ಸ್ವಲ್ಪ ಕಷ್ಟ ನೀನೂ ಪಡು.

ಸಂಕ್ರಾಂತಿಗೆ ಬಂದವಳು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದೆ. "ಯಾಕ್ ಮರಿ, ಹಿಂಗ್ ಸೊರಗಿದೀಯ" ಎಂದು ಕೇಳಿದ್ದೇ ನಾನು ಮಾಡಿದ ತಪ್ಪು. ಬ್ಯಾಂಕು ಎಂದರೆ ಒಡವೆ ಇಟ್ಟು ಬರುವ ಜಾಗ ಎಂದುಕೊಂಡಿದ್ದವಳಿಗೆ, ನಿನ್ನದು ಕಂಪನಿಗಳಿಗೆ ಸಂಬಂಧ ಕುದುರಿಸುವ ಬ್ಯಾಂಕು ಎಂದು ಅವತ್ತೇ ಗೊತ್ತಾಗಿದ್ದು. ಎರಡು ವಿಮಾನದ ಕಂಪನಿಗಳು ಸೇರಿ ಒಂದಾಗುತ್ತವೆ, ದೊಡ್ಡದಕ್ಕೆ ಬುದ್ಧಿ ಹೇಳಲು ನಿಮ್ಮ ಬ್ಯಾಂಕು, ಚಿಕ್ಕದಕ್ಕೆ ಇನ್ನೊಂದು ಬ್ಯಾಂಕು ಎಂದೆ ನೀನು. ನಮ್ಮೂರ ಪಾಲಮ್ಮ ಒಬ್ಬಳೇ ಗಂಡಿನ ಮನೆಗೂ ಹೆಣ್ಣಿನ ಮನೆಗೂ ಸುಳ್ಳು ಹೇಳಿ ಎಷ್ಟೋ ಮದುವೆ ಮಾಡಿಸಿದಳು. ನಿಮ್ಮಲ್ಲಿ ಮನೆಗೊಬ್ಬ ಪಾಲಮ್ಮ ಬೇಕಂತೆ. ನನಗೆ ನಗು ಬಂದಿತ್ತು. ಆ ಚಿಕ್ಕ ಕಂಪನಿ ನಿನ್ನ ತಮ್ಮ ಅಂಜನ್ ಕೆಲಸ ಮಾಡುವ ಕಂಪನಿಯೇ ಎಂದು ನೀನು ಬಾಯಿ ಬಿಡುವವರೆಗೆ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಲು ಎರಡೂ ಕಂಪನಿಯ ಹುಡುಗರು ಬೇಕಿಲ್ಲ, ದೊಡ್ಡದರವರು ಸಾಕು ಎಂದೆ ನೀನು. "ಅಂಜನ್ ಕೆಲ್ಸ ಉಳಿಯಲ್ಲ ಅಜ್ಜಿ" ಎಂದು ಅತ್ತೆ. ಆಮೇಲೆ ನನ್ನ ಕೈ ಎಳೆದು ನಿನ್ನ ತಲೆಯ ಮೇಲಿಟ್ಟುಕೊಂಡು ಆಣೆ ಹಾಕಿಸಿದೆ. ಕಂಪನಿಯವರೇ ಊರಿಗೆಲ್ಲ ಹೇಳುವ ತನಕ ನಮ್ಮ ಮನೆಯಿಂದ ಒಂದು ಮಾತು ಹೊರಗೆ ಹೋದರೆ ನಿನ್ನ ಕೆಲಸವೂ ಹೋಯಿತು, ಜೈಲೂ ಆದೀತು ಎಂದೆ. ತಮ್ಮ ಅಲ್ಲಿದ್ದಾನೆಂದು ಬ್ಯಾಂಕಿಗೆ ತಿಳಿಸಿದ್ದೀಯಂತೆ, ಹಾಗಾಗಿ ಅವರ ಕಣ್ಣು ಮೊದಲು ನಮ್ಮ ಮೇಲೇ ಅಂತೆ. ನಿನ್ನಪ್ಪ ಲಕ್ಷ್ಮೀಕಾಂತನಿಗಂತೂ ಹೇಳುವ ಹಾಗಿಲ್ಲ. ಕಕ್ಕಸಿನಲ್ಲಿ ಕೂತೂ ಫೋನಿನಲ್ಲಿ ಷೇರು ನೋಡುವ ಆಸಾಮಿ. ಬೆಳಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನದೊಳಗೆ ಷೇರು ಕೊಂಡು, ಸಂಜೆಗೆ ನಿನ್ನನ್ನು ಒಳಗೆ ಹಾಕಿಸುತ್ತಾನೆ. ಅಂಜನ್‌ಗೆ ಹೇಳಿದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಜೊತೆಯ ಹುಡುಗರಿಗೆಲ್ಲ ಹೇಳಿಬಿಡುತ್ತಾನೆ.

ಯಾರಿಗೂ ಹೇಳಬಾರದ್ದನ್ನು ನನಗೇಕೆ ಹೇಳಿದೆಯೇ? ಮುದುಕಿ, ಗೋಡೆ ಇದ್ದ ಹಾಗೆ ಎಂದುಕೊಂಡೆಯಾ? ಗೋಡೆಗಾದರೂ ಹಬ್ಬಕ್ಕೊಮ್ಮೆ ಸುಣ್ಣ ಬಳಿಯುತ್ತಾರೆ.

ನೀನು ಮುಂಬಯಿಗೆ ಕೆಲಸಕ್ಕೆ ವಾಪಸು ಹೋದ ವಾರದಲ್ಲೇ ಶ್ರೀರಾಂಪುರದ ದಾಸಣ್ಣ ಬಂದ, ಮಗಳು ಬಿಂದುವನ್ನು ಅಂಜನ್‌ಗೆ ಕೊಡುತ್ತೇನೆಂದು. ಪಂಕ್ಚರ್ ಅಂಗಡಿ ಇಟ್ಟುಕೊಂಡೇ ಮಗಳನ್ನು ನರ್ಸಿಂಗ್ ಓದಿಸಿದ್ದಾನೆ, ಅವಳು ಹೊಸದುರ್ಗದ ಒಂದು ನರ್ಸಿಂಗ್ ಹೋಮಿನಲ್ಲಿದ್ದಾಳೆ. ಮುಖ ನೋಡಿ ಮಾತಾಡುವ ಹುಡುಗಿ, ನನಗೆ ಹಿಡಿಸಿದಳು. ಅದೇ ನನ್ನ ಸಂಕಟ. "ನಮ್ಗೇನೂ ಬ್ಯಾಡಮ್ಮ, ಹುಡ್ಗುನ್ ಕೆಲ್ಸ ಗಟ್ಟಿ ಐತಲ್ಲ, ಅಷ್ಟ್ ಸಾಕು" ಎಂದ ದಾಸಣ್ಣ. ಕುಡಿಯುತ್ತಿದ್ದ ಕಾಫಿ ನನಗೆ ನೆತ್ತಿಗೇರಿತು.

ಏನೇನೋ ನೆಪ ಹೂಡಿದೆ. ಹುಡುಗಿ ಎತ್ತರ ಹೆಚ್ಚಾಯಿತು ಎಂದೆ. "ಅಂಜನ್ ಅವ್ಳಿಗಿಂತ ಒಂದ್ ಗೇಣು ಎತ್ತರ ಅವ್ನಲ್ಲ ಅತ್ತೆ" ಎಂದಳು ನಿನ್ನಮ್ಮ ಹೇಮಾವತಿ. ಅಕ್ಕನದಾಗದೆ ತಮ್ಮನದೇಕೆ ಎಂದೆ. "ಅವ್ಳುನ್ನ ಕಾಯ್ತಾ ಕುಂತ್ರೆ ಇವ್ನ ಹಲ್ಲು ಉದುರ್ತವೆ ಕಣವ್ವ" ಎಂದ ನಿನ್ನಪ್ಪ. ಅದರಲ್ಲಿ ಸುಳ್ಳೇನಿಲ್ಲ.

ಕೊನೆಗೆ ಊರಮ್ಮನ ಗುಡಿಯಲ್ಲಿ ಹೂ ಕೇಳೋಣ ಎಂದೆ. ನಿನಗೆ ಗೊತ್ತಲ್ಲ, ಕೇಳುವವರು ಮನಸ್ಸಿನಲ್ಲೇ ಕೇಳಬೇಕು, ದೇವಿಯ ಬಲಕ್ಕೆ ಹೂ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಉಹೂಂ. ಮನೆಗೆ ಹಿರಿಯಳೆಂದು ನಾನೇ ಮುಂದೆ ಕೂತೆ. ಮದುವೆಯ ವಿಚಾರ ಕೇಳುತ್ತಿದ್ದಾಳೆ ಎಂದು ಎಲ್ಲರೂ ಹಿಂದೆ ಕೈಮುಗಿದು ನಿಂತಿದ್ದರು. ನಾನೂ ಅದನ್ನೇ ಕೇಳಲು ಹೋದವಳು. ಕಣ್ಣು ಮುಚ್ಚಿದ ಮೇಲೆ ಎದೆಯಲ್ಲಿದ್ದದ್ದೇ ಮೇಲೆ ಬಂತು. "ತಾಯಿ, ಸ್ವಾತಿಗೆ ಕೊಟ್ಟ ಮಾತು ಉಳಿಸ್ಕಳ್ಳಾ?" ಎಂದು ಮನಸ್ಸಿನಲ್ಲೇ ಕೇಳಿಬಿಟ್ಟೆ. ಸೇವಂತಿಗೆ ಹೂ ದಡಕ್ಕನೆ ಬಲಕ್ಕೆ ಬಿತ್ತು.

ಪೂಜಾರಿ ಮುದ್ದಣ್ಣ ಗಂಟೆ ಬಾರಿಸಿದ. "ಅಪ್ಪಣೆ ಆತು ಕಣ್ರಪ್ಪ, ಇನ್ ತಡ ಮಾಡ್ಬ್ಯಾಡ್ರಿ" ಎಂದ. ನಿನ್ನಮ್ಮ ಕಣ್ಣೀರು ಹಾಕಿಕೊಂಡು ನನ್ನ ಕಾಲಿಗೆ ಬಿದ್ದಳು. ನನಗೆ ಬಾಯಿ ಮುಚ್ಚು ಎಂದ ಹೂವೇ ಅವರಿಗೆ ಮದುವೆ ಮಾಡಿ ಎಂದಿತು. ನಾನು ಕೇಳಿದ್ದು ಅದಲ್ಲ ಎನ್ನಲಾ? ಮತ್ತೇನು ಕೇಳಿದೆ ಎನ್ನುತ್ತಾರೆ. ಇನ್ನೊಂದು ಸಲ ಹೂ ಕೇಳುವ ಹಾಗಿಲ್ಲ, ಕೊಟ್ಟ ಅಪ್ಪಣೆಯನ್ನು ಅನುಮಾನಿಸಿದಂತೆ ಆಗುತ್ತದೆ.

ಮುಂದಿನ ವಾರದ ಶುಕ್ರವಾರ ವೀಳ್ಯಶಾಸ್ತ್ರ. ಎರಡು ಮನೆಯ ವೀಳ್ಯ ಬದಲಾದ ಮೇಲೆ ಮಾತು ತಪ್ಪಿದರೆ ಹುಡುಗಿಗೇ ಕೆಟ್ಟ ಹೆಸರು. ನಮ್ಮ ಕಡೆಯ ತಟ್ಟೆ ನನ್ನ ಕೈಯಿಂದಲೇ ದಾಟಬೇಕಂತೆ. ಅಡಕತ್ತರಿಗೆ ಸಿಕ್ಕ ಅಡಿಕೆಯಾದರೂ ಎರಡು ಹೋಳಾಗಿ ಬಿಡುಗಡೆ ಪಡೆಯುತ್ತದೆ. ನಾನು ಇಡಿಯಾಗಿ ಸಿಕ್ಕಿಕೊಂಡಿದ್ದೇನೆ. ಬಾಯಿ ಬಿಟ್ಟರೆ ನೀನು ಹೋದೆ, ಬಿಡದಿದ್ದರೆ ಅಂಜನ್, ಬಿಂದು ಇಬ್ಬರೂ ಹೋದರು. ಊಟಕ್ಕೆ ಕೂತರೆ ನಿನ್ನಮ್ಮ ಸೀರೆ ತೋರಿಸುತ್ತಾಳೆ, ಮಲಗಿದರೆ ನಿನ್ನಪ್ಪ ಛತ್ರದ ಮಾತು ತೆಗೆಯುತ್ತಾನೆ. ಹಿತ್ತಲಿಗೆ ಹೋದರೆ ಆ ಒಗೆಯುವ ಕಲ್ಲು.

ನಿನ್ನನ್ನು ಬಯ್ಯಲು ಬರೆದಿಲ್ಲ. ಬಯ್ದಿದ್ದೇನೆ, ಅದು ಬೇರೆ. ನಿನ್ನ ಬಾಯಿಗೂ ಬೀಗ ಹಾಕಿದ್ದಾರೆಂದು ಗೊತ್ತು. ಆದರೆ ಬೀಗದ ಕೈ ಇರುವ ಮನೆಯಲ್ಲಿ ನೀನಿದ್ದೀಯ. ನಿನ್ನ ಮೇಲಿನವರನ್ನು ಕೇಳು, ಯಾವತ್ತು ಹೇಳುತ್ತಾರೆ ಎಂದು. ಆ ಶುಕ್ರವಾರಕ್ಕಿಂತ ಮುಂಚೆ ಹೇಳುತ್ತಾರಾದರೆ ನಾನು ಬದುಕಿದೆ. ಇಲ್ಲವಾದರೆ ಬಂದು ನನ್ನನ್ನು ಆಣೆಯಿಂದ ಬಿಡಿಸು. ಅದೂ ಆಗದಿದ್ದರೆ ಆ ತಟ್ಟೆಯನ್ನು ನೀನೇ ಹಿಡಿದು ದಾಸಣ್ಣನ ಮುಖ ನೋಡು.

ಮೈ ಕಡೆ ಗಮನವಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ಇಂತಿ ನಿನ್ನ
ಅಜ್ಜಿ ನಿಂಗಕ್ಕ

ಇನ್ನೊಂದು ಮಾತು: ಮೇಲೆ ಒಂದನ್ನು ಬರೆಯಲಿಲ್ಲ. ಬರೆಯದೆಯೇ ಕವರು ಅಂಟಿಸೋಣವೆಂದಿದ್ದೆ, ಮನಸ್ಸು ಒಪ್ಪಲಿಲ್ಲ. ನಿನ್ನೆ ಬಿಂದು ಬಂದಿದ್ದಳು. ಮದುವೆಯಾದ ಮೇಲೆ ಹೇಗೂ ಬೆಂಗಳೂರಿಗೆ ಹೋಗಬೇಕಲ್ಲ, "ಅಜ್ಜಿ, ಕೆಲ್ಸ ಬಿಡ್ತೀನಿ ಅಂತ ಈಗ್ಲೇ ಬರ್ದು ಕೊಡ್ಲಾ, ಇನ್ನೊಂದ್ ಸ್ವಲ್ಪ ದಿನ ನೋಡ್ಲಾ? ನೀವ್ ಹೆಂಗ್ ಹೇಳ್ತೀರೋ ಹಂಗೆ" ಎಂದಳು. ನಿನ್ನಮ್ಮ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಇನ್ನೂ ಸ್ವಲ್ಪ ದಿನ ನೋಡು ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಆಣೆ ಉಳಿಸಿಕೊಳ್ಳಲು ಸುಮ್ಮನಿದ್ದರೆ ಸಾಕಿತ್ತು. ನಾನು ಸುಮ್ಮನಿರಲಿಲ್ಲ. "ಕೊಡವ್ವ" ಎಂದೆ. ಇವತ್ತು ಬೆಳಗ್ಗೆ ಕೊಟ್ಟಳಂತೆ.