ಕಿಟಕಿಯ ಗಿಲಾಸು

ಕೊಹೀರ್

ವೀರಭದ್ರಪ್ಪ ಸಾವುಕಾರರಿಗೆ ಧಮ್ಮಶೀಲಾಳ ಜೈಭೀಮ್.

ನಿನ್ನೆ ನಿಮ್ಮ ಹಿತ್ತಲಲ್ಲಿ ಕೂತು ರಿಪೇರಿ ಮಾಡಿದ ಹುಲ್ಲು ಕತ್ತರಿಸುವ ಮಷಿನ್ ಇನ್ನು ಓಡುತ್ತದೆ. ಮಳೆಗಾಲ ಮುಗಿದ ಮೇಲೆ ಪೆಟ್ರೋಲ್ ಬಸಿಯದೆ ಅದನ್ನು ಮೂಲೆಗೆ ತಳ್ಳಿದ್ದಿರಿ. ಆ ಪೆಟ್ರೋಲ್ ಕಾರ್ಬುರೇಟರಿನೊಳಗೆ ಹಳದಿ ಗೋಂದಾಗಿ ಗಬ್ಬು ನಾರುತ್ತಿತ್ತು. ಉಗುರಿನಿಂದ ಕೆರೆದು ತೆಗೆದೆ; ಮನೆಗೆ ಬಂದು ಊಟಕ್ಕೆ ಕೂತರೂ ಕೈಯಿಂದ ಆ ನಾತ ಹೋಗಿರಲಿಲ್ಲ. ಮುಂದಿನ ಸಲ ಬಸಿದಿಡಿ.

ನಿಮ್ಮ ಮನೆಯವರು ಚಹಾ ತಂದು, "ಆ ಕಿಟಕ್ಯಾಗಿನ ಗಿಲಾಸ್ ತಗೋ ತಂಗಿ, ನಿಮ್ಮಂಥವ್ರು ಬಂದ್ರ ಕೊಡಾಕ ಬ್ಯಾರೆ ಇಟ್ಟೀವಿ" ಎಂದರು. ತಂಗಿ ಅನ್ನುತ್ತಲೇ ಎತ್ತರದಿಂದ ಸುರಿದರು. ಅವರು ಒಳಗೆ ಹೋದ ಮೇಲೆ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿದೆ. ಅದೇ ಗಿಲಾಸಿಗೆ ಪೆಟ್ರೋಲ್ ಹಾಕಿ ಕಾರ್ಬುರೇಟರಿನ ಸಣ್ಣ ಭಾಗಗಳನ್ನು ನೆನೆಸಿದೆ. ಉಳಿದ ಗೋಂದೆಲ್ಲ ಬಿಟ್ಟುಕೊಂಡಿತು.

ಆಮೇಲೆ ಗಿಲಾಸನ್ನು ಸಾಬೂನು ಹಚ್ಚಿ ತೊಳೆದು, ಅಲ್ಲೇ ಹಿತ್ತಲಲ್ಲಿ ಬುಟ್ಟಿಯಲ್ಲಿ ಒಣಗಲು ಇಟ್ಟಿದ್ದ ನಿಮ್ಮ ಗಿಲಾಸುಗಳ ನಡುವೆ ಇಟ್ಟು ಬಂದೆ. ಎಲ್ಲವೂ ಒಂದೇ ನಮೂನೆಯ ಸ್ಟೀಲಿನವು. ತಿರುಗಿ ನೋಡಿದರೆ ನನ್ನದು ಯಾವುದೆಂದು ನನಗೇ ಗೊತ್ತಾಗಲಿಲ್ಲ.

ಬೇಕಾದರೆ ನೀವು ಒಂದೊಂದನ್ನೇ ಮೂಸಿ ನೋಡಿ.

ಇಂತಿ,
ಧಮ್ಮಶೀಲಾ
ಮಷಿನ್ ರಿಪೇರಿ, ಬಸ್ ಸ್ಟ್ಯಾಂಡ್ ಹಿಂದೆ