ಭರಣಿಯ ಮೇಲಿನ ಕೆಂಪು ಚೀಟಿ

ಕಟ್ಟಡದ ಮೇಲ್ವಿಚಾರಕರಾದ ಪ್ಯೊ ಅವರಿಗೆ,

ನಿನ್ನೆ ತಾರಸಿಯಲ್ಲಿ ನೀವು, "ಅಜ್ಜಿ, ಈ ಸೋಯಾ ರಸಕ್ಕೆ ತಾರೀಖೇ ಇಲ್ವಲ್ಲ!" ಅಂದಿರಿ.

"ನಾನ್ ಹುಟ್ಟಿದ್ ತಾರೀಖೂ ಯಾರಿಗೂ ಗೊತ್ತಿಲ್ಲ ಕಣಪ್ಪ, ನನ್ನೂ ಎಸೀತೀಯಾ?" ಅಂದೆ.

ನೀವು ನಕ್ಕು, ಸೋಮವಾರದೊಳಗೆ ಎಸೆಯಬೇಕೆಂದು ಭರಣಿಗೆ ಕೆಂಪು ಚೀಟಿ ಅಂಟಿಸಿ ಹೋದಿರಿ.

ಎಸೆಯುವುದಿಲ್ಲ. ಯುದ್ಧದಲ್ಲಿ ಓಡಿಬರುವಾಗ ನನ್ನ ಅತ್ತೆ ಒಡವೆ ಬಿಟ್ಟು, ಈ ರಸದ ಒಂದು ಸೀಸೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದವರು. ಅಂದಿನಿಂದ ವರ್ಷವರ್ಷವೂ ಅದರ ಮೇಲೆ ಹೊಸದನ್ನು ಸುರಿಯುತ್ತಿದ್ದೇವೆ. ಉಪ್ಪು ಸರಿಯಾಗಿದ್ದರೆ ಅದು ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತದೆ. ಸುಗ್ಗಿ ಹಬ್ಬದಲ್ಲಿ ನೀವು ಮೂರು ಬಟ್ಟಲು ಕುಡಿದು ಹೊಗಳಿದ ಸಾರಿಗೂ ಇದನ್ನೇ ಹಾಕಿದ್ದೆ. ಗಟ್ಟಿಮುಟ್ಟಾಗಿಯೇ ಇದ್ದೀರಿ.

ಸೋಮವಾರ ಬನ್ನಿ, ಊಟಕ್ಕೇ ಬನ್ನಿ. ಬರುವಾಗ, ಚೀಟಿಗೆ ಜಾಗ ಮಾಡಲು ನೀವು ಕಿತ್ತುಕೊಂಡು ಹೋದ, ಕಾಲುಚೀಲದ ಆಕಾರಕ್ಕೆ ಕತ್ತರಿಸಿದ ಕಾಗದವನ್ನು ತನ್ನಿ. ಅದು ಕಸವಲ್ಲ; ಹುಳಹುಪ್ಪಟೆ, ಕೆಟ್ಟ ಗಾಳಿ ಹತ್ತಿರ ಸುಳಿಯದಿರಲೆಂದು ಭರಣಿಗೆ ತಲೆಕೆಳಗಾಗಿ ಅಂಟಿಸುವಂಥದ್ದು. ಇನ್ನೊಂದು ಕತ್ತರಿಸಿಕೊಳ್ಳಿ ಎನ್ನಬೇಡಿ. ಹೋದ ವಸಂತದಲ್ಲಿ ಅದನ್ನು ಕತ್ತರಿಸಿದವನು ನನ್ನ ಮಗ ಡುಸಿಕ್. ಈ ವಸಂತಕ್ಕೆ ಅವನಿಲ್ಲ.

ಇಂತಿ,
ನಿಮ್ಮ ಚೀಟಿಯನ್ನು ಹರಿದು ಹಾಕಿರುವ,
ನಾಲ್ಕನೇ ಮಹಡಿಯ ಮಾ ಬೊಂಗ್‌ನ್ಯೊ